ಎರಡು ಸೈಕಲ್ಲುಗಳ ನಡುವೆ ನಿಂತ ಮನಸ್ಸು

ಒಳಿತು ಮತ್ತು ಕೆಡುಕುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಯಾರಾದರೂ ಕೇಳಿದರೆ ನೀವು ಉತ್ತರಕ್ಕಾಗಿ ತಡಕಾಡಬೇಕಾಗಿಲ್ಲ. ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದೇ ಸಾಕು. ಆ ಉತ್ತರದಂತೆ ನಡೆಯುವುದು ಕಷ್ಟವಾದೀತು. ಆದರೆ ಉತ್ತರ ಸ್ಪಷ್ಟವಾಗಿದೆ. ಎರಡು ಒಳಿತುಗಳು ಏಕಕಾಲಕ್ಕೆ ಎದುರು ನಿಂತಾಗ ಏನು ಮಾಡುವುದು? ದಶಾಜ್ಞೆಗಳಲ್ಲಿ ಇದಕ್ಕೆ ನೇರವಾದ ಆಜ್ಞೆಯಿಲ್ಲ. ಆತ್ಮಶೋಧನೆಯ ಪ್ರಶ್ನಾವಳಿಗಳಲ್ಲಿಯೂ ಇದು ಬರುವುದು ಅಪರೂಪ. ಆದರೂ ನಮ್ಮ ಬಾಳಿನ ಹೆಚ್ಚಿನ ನಿರ್ಧಾರಗಳು ಈ ಬಗೆಯವೇ. ಎರಡು ಒಳ್ಳೆಯ ಶಾಲೆಗಳು, ಎರಡು ಒಳ್ಳೆಯ ಸಂಬಂಧಗಳು, ಎರಡು ಪ್ರಾಮಾಣಿಕ ಉದ್ಯೋಗಗಳು. ಇವುಗಳ ನಡುವೆ ನಿಂತು ತಿಂಗಳುಗಟ್ಟಲೆ ತೊಳಲಾಡುವ ಮನಸ್ಸಿಗೆ ವಿಶ್ವಾಸದ ಬೆಳಕು ದೊರೆಯುವುದೇ ಎಂಬುದು ನನ್ನ ಪ್ರಶ್ನೆ. ದೊಡ್ಡ ಉದಾಹರಣೆಗಳಲ್ಲಿ ಭಾವನೆಗಳು ಅಡ್ಡ ಬರುವುದರಿಂದ ಬೇಕೆಂದೇ ಒಂದು ಚಿಕ್ಕ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಅದು ಸೈಕಲ್ಲಿನದು.

ಧರ್ಮಕೇಂದ್ರವೊಂದರ ಉಪದೇಶಿಯವರನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತನ್ನು ದಾಟಿದೆ. ಮೂರು ಹಳ್ಳಿಗಳಲ್ಲಿ ಹರಡಿರುವ ಕುಟುಂಬಗಳನ್ನು ಅವರು ಸಂದರ್ಶಿಸಬೇಕು. ದಾರಿಯಲ್ಲಿ ಏರುಗಳಿವೆ, ಮೊಣಕಾಲುಗಳಲ್ಲಿ ನೋವಿದೆ. ಸ್ಕೂಟರಿನ ಬೆಲೆಯನ್ನೂ ಪೆಟ್ರೋಲಿನ ಖರ್ಚನ್ನೂ ಹೊರಲು ಅವರಿಂದಾಗದು. ಹಿತೈಷಿಗಳು ಸೇರಿ ಮೂವತ್ತು ಸಾವಿರ ರೂಪಾಯಿಗಳನ್ನು ಒಟ್ಟುಗೂಡಿಸಿ, ಬ್ಯಾಟರಿಯಿಂದ ನಡೆಯುವ ಸೈಕಲ್ಲನ್ನು ಕೊಳ್ಳುವಂತೆ ಹೇಳಿದ್ದಾರೆ. ಆ ಹಣಕ್ಕೆ ದೊರೆಯುವ ಎರಡು ಸೈಕಲ್ಲುಗಳು ಅವರ ಕಣ್ಣ ಮುಂದಿವೆ. ಎರಡೂ ಒಳ್ಳೆಯವೇ.

ಈ ವಾಹನದ ಪರಿಚಯವಿಲ್ಲದವರಿಗಾಗಿ ಕೆಲವು ಮಾತು. ಇದು ಪೆಡಲಿರುವ ಸೈಕಲ್ಲೇ. ತುಳಿಯುವವನಿಗೆ ನೆರವಾಗಲು ಚಿಕ್ಕದೊಂದು ಮೋಟಾರು ಮತ್ತು ಬ್ಯಾಟರಿ ಇರುತ್ತವೆ. ನಮ್ಮ ದೇಶದ ನಿಯಮದಂತೆ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು ವೇಗವು ಗಂಟೆಗೆ 25 ಕಿಲೋಮೀಟರಿನ ಒಳಗಿದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಚಾಲನಾ ಪರವಾನಗಿಯಾಗಲಿ ನೋಂದಣಿಯಾಗಲಿ ಬೇಕಿಲ್ಲ. ಯುರೋಪಿನಲ್ಲಿಯೂ ಮಿತಿ ಹೆಚ್ಚುಕಡಿಮೆ ಇದೇ. ಅಲ್ಲಿ ತುಳಿಯುತ್ತಿರುವಾಗ ಮಾತ್ರ ಮೋಟಾರು ನೆರವಾಗಬೇಕು. ಕೆಲವು ಸೈಕಲ್ಲುಗಳಲ್ಲಿ ಮೋಟಾರು ಚಕ್ರದ ನಡುವಿನ ಗುಂಬದಲ್ಲಿರುತ್ತದೆ. ಅದು ಸರಳ, ಅಗ್ಗ. ಬೇರೆ ಕೆಲವುಗಳಲ್ಲಿ ಅದು ಪೆಡಲುಗಳ ಬುಡದಲ್ಲಿದ್ದು ಗೇರುಗಳ ಮೂಲಕ ಕೆಲಸ ಮಾಡುತ್ತದೆ. ಏರು ಹತ್ತಲು ಉತ್ತಮ, ಆದರೆ ದುಬಾರಿ, ಚೈನು ಬೇಗ ಸವೆಯುತ್ತದೆ. ಪೆಡಲು ತಿರುಗುತ್ತಿದೆ ಎಂಬುದನ್ನಷ್ಟೇ ಅರಿಯುವ ಸೈಕಲ್ಲುಗಳುಂಟು. ಕಾಲು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದನ್ನು ಅಳೆಯುವವೂ ಉಂಟು. ಮೊದಲನೆಯದರ ಮೇಲೆ ಕುಳಿತರೆ ಯಾರೋ ಹಿಂದಿನಿಂದ ನೂಕಿದಂತಾಗುತ್ತದೆ. ಎರಡನೆಯದರ ಮೇಲೆ ನಮ್ಮ ಕಾಲುಗಳೇ ಹರೆಯಕ್ಕೆ ಮರಳಿದಂತೆ ಅನಿಸುತ್ತದೆ. ಇನ್ನು ಬ್ಯಾಟರಿಯ ಲೆಕ್ಕ. 36 ವೋಲ್ಟ್, 10 ಆಂಪಿಯರ್‌ಗಂಟೆ ಎಂದು ಬರೆದಿದ್ದರೆ ಗುಣಿಸಿ ನೋಡಿ, 360 ವ್ಯಾಟ್‌ಗಂಟೆಗಳಾಗುತ್ತವೆ. ಕಿಲೋಮೀಟರಿಗೆ 12 ವ್ಯಾಟ್‌ಗಂಟೆ ಖರ್ಚಾದರೆ 30 ಕಿಲೋಮೀಟರು. ಸವಾರನ ತೂಕ, ಏರು, ಎದುರುಗಾಳಿ, ಟೈರಿನ ಗಾಳಿ ಇವೆಲ್ಲ ಆ ಸಂಖ್ಯೆಯನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಜಾಹೀರಾತಿನ ಸಂಖ್ಯೆಯಾದರೋ ಸಾಮಾನ್ಯವಾಗಿ ಹಗುರವಾದ ಸವಾರನೊಬ್ಬ ಸಮತಟ್ಟಾದ ರಸ್ತೆಯಲ್ಲಿ ಶ್ರದ್ಧೆಯಿಂದ ತುಳಿದಾಗ ಬರುವಂಥದು.

ಉಪದೇಶಿಯವರು ಕಾಗದದ ಮೇಲೆ ಗೆರೆ ಎಳೆದು ಎರಡು ಪಟ್ಟಿಗಳನ್ನು ಬರೆಯುತ್ತಾರೆ. ಒಂದರ ಬ್ಯಾಟರಿ ದೊಡ್ಡದು, ಆದರೆ ಚೌಕಟ್ಟಿನೊಳಗೆ ಹುದುಗಿದೆ. ಇನ್ನೊಂದರದು ಚಿಕ್ಕದು, ಆದರೆ ಬಿಚ್ಚಿ ಮನೆಯೊಳಗೆ ಒಯ್ಯಬಹುದು. ಒಂದು ಹಗುರ, ಇನ್ನೊಂದಕ್ಕೆ ಗೇರು ಹೆಚ್ಚು. ಪಟ್ಟಿಗೆ ದಿನಕ್ಕೊಂದು ಸಾಲು ಸೇರುತ್ತದೆ. ನೆರೆಮನೆಯ ಹುಡುಗ ಮೂರನೆಯ ಸೈಕಲ್ಲಿನ ಹೆಸರು ಹೇಳುತ್ತಾನೆ. ಮುಂದಿನ ಹಬ್ಬಕ್ಕೆ ಬೆಲೆ ಇಳಿಯಬಹುದೆಂದು ಇನ್ನಾರೋ ಹೇಳುತ್ತಾರೆ. ಆರು ವಾರಗಳು ಕಳೆಯುತ್ತವೆ. ಮೊಣಕಾಲು ನೋಯುತ್ತಲೇ ಇದೆ. ಮೂರನೆಯ ಹಳ್ಳಿಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯೊಬ್ಬರು ಬಾಗಿಲ ಕಡೆಗೆ ನೋಡುತ್ತಲೇ ಇದ್ದಾರೆ.

ಓದುಗರೇ, ಈ ಅಜ್ಜಿಯನ್ನು ದಯವಿಟ್ಟು ಮರೆಯಬೇಡಿ. ಆರಿಸದೆ ಇರುವುದೂ ಒಂದು ಆಯ್ಕೆಯೇ. ಅದರ ಬೆಲೆಯನ್ನು ಅನೇಕ ವೇಳೆ ತೆರುವವರು ಬೇರೆಯವರು.

ಇಂತಹ ಸಂದಿಗ್ಧಕ್ಕೆ ತತ್ತ್ವಶಾಸ್ತ್ರದಲ್ಲಿ ಕತ್ತೆಯೊಂದು ಪ್ರಸಿದ್ಧವಾಗಿದೆ. ಸಮಾನ ದೂರದಲ್ಲಿ ಸಮಾನವಾದ ಎರಡು ಹುಲ್ಲಿನ ಮೆದೆಗಳಿರಲು, ಯಾವ ಕಡೆಗೆ ಹೋಗಲೂ ಕಾರಣ ಕಾಣದೆ ಆ ಕತ್ತೆ ಹಸಿವಿನಿಂದ ಸತ್ತಿತಂತೆ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದ ಬ್ಯೂರಿಡನ್ ಎಂಬ ವಿದ್ವಾಂಸರ ಹೆಸರಿನೊಡನೆ ಈ ಕತ್ತೆಯನ್ನು ಕಟ್ಟಿಹಾಕಲಾಗಿದೆ. ಪಾಪ, ಅವರ ಬರಹಗಳಲ್ಲಿ ಈ ಕತ್ತೆಯೇ ಇಲ್ಲ. ಅವರಿಗಿಂತ ಬಹಳ ಮೊದಲೇ ಅರಿಸ್ಟಾಟಲರು ಅನ್ನ ಮತ್ತು ನೀರಿನ ನಡುವೆ ಸಮಾನವಾದ ಹಸಿವು ಬಾಯಾರಿಕೆಗಳಿಂದ ನಿಂತುಬಿಟ್ಟ ಮನುಷ್ಯನ ಮಾತನ್ನು ಎತ್ತಿದ್ದರು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಇದನ್ನೇ ಆಕ್ಷೇಪಣೆಯ ರೂಪದಲ್ಲಿ ಇಟ್ಟುಕೊಂಡು ಉತ್ತರಿಸುತ್ತಾರೆ. ಎರಡು ವಸ್ತುಗಳು ಒಂದು ದೃಷ್ಟಿಯಿಂದ ಸಮಾನವಾಗಿ ಕಂಡರೂ, ಅವುಗಳಲ್ಲೊಂದರ ಹೆಚ್ಚಳ ತೋರುವಂತಹ ಇನ್ನೊಂದು ದೃಷ್ಟಿಯಿಂದ ನೋಡುವುದಕ್ಕೆ ಮನಸ್ಸಿಗೆ ತಡೆಯೇನೂ ಇಲ್ಲವೆಂಬುದು ಅವರ ಉತ್ತರದ ತಾತ್ಪರ್ಯ. ಕತ್ತೆಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಮನುಷ್ಯನು ತಾನು ನೋಡುವ ಬಗೆಯನ್ನೇ ಬದಲಿಸಿಕೊಳ್ಳಬಲ್ಲನು.

ಅಕ್ವಿನಾಸರ ಇನ್ನೊಂದು ಮಾತು ನಮ್ಮ ಉಪದೇಶಿಗೆ ಇದಕ್ಕಿಂತಲೂ ಹೆಚ್ಚು ಉಪಯುಕ್ತವಾದುದು. ಆಯ್ಕೆಯೆಂಬುದು ಗುರಿಯನ್ನು ಕುರಿತದ್ದಲ್ಲ, ಗುರಿಯನ್ನು ಮುಟ್ಟಿಸುವ ಸಾಧನಗಳನ್ನು ಕುರಿತದ್ದು ಎಂದು ಅವರು ಹೇಳುತ್ತಾರೆ. ವೈದ್ಯನು ರೋಗಿಯ ಆರೋಗ್ಯವನ್ನು ಆರಿಸುವುದಿಲ್ಲ; ಅದು ಅವನಿಗೆ ಮೊದಲೇ ಗೊತ್ತಾದ ಗುರಿ. ಅವನು ಆರಿಸುವುದು ಔಷಧಿಯನ್ನು. ಹಾಗಾದರೆ ಎರಡು ಪಟ್ಟಿಗಳ ನಡುವೆ ಮನಸ್ಸು ಸಿಕ್ಕಿಹಾಕಿಕೊಂಡಾಗ ಆಗಿರುವುದೇನು? ಸಾಧನವು ಸದ್ದಿಲ್ಲದೆ ಗುರಿಯ ಸ್ಥಾನಕ್ಕೆ ಏರಿ ಕುಳಿತಿದೆ. ಅಜ್ಜಿಯ ಮನೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆಯ ಜಾಗದಲ್ಲಿ ಅತ್ಯುತ್ತಮವಾದ ಸೈಕಲ್ಲು ಯಾವುದು ಎಂಬ ಪ್ರಶ್ನೆ ಬಂದಿದೆ. ಮೊದಲನೆಯ ಪ್ರಶ್ನೆಗೆ ಒಂದು ಸಂಜೆಯಲ್ಲಿ ಉತ್ತರ ದೊರೆಯುತ್ತದೆ. ಎರಡನೆಯದಕ್ಕೆ ಎಂದೆಂದಿಗೂ ದೊರೆಯದು, ಏಕೆಂದರೆ ಪ್ರತಿ ವರ್ಷವೂ ಇನ್ನೊಂದು ಹೊಸ ಸೈಕಲ್ಲು ಬರುತ್ತಲೇ ಇರುತ್ತದೆ.

ಕಳೆದ ಶತಮಾನದಲ್ಲಿ ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು ಇದನ್ನೇ ಲೌಕಿಕ ಭಾಷೆಯಲ್ಲಿ ಹೇಳಿದರು. ಮನುಷ್ಯನ ಬುದ್ಧಿಗೆ ಮಿತಿಯಿರುವುದರಿಂದ, ಅತ್ಯುತ್ತಮವಾದುದನ್ನು ಹುಡುಕುತ್ತ ಹೋಗದೆ, ಸಾಕೆನಿಸುವಷ್ಟು ಒಳ್ಳೆಯದು ಸಿಕ್ಕಿದೊಡನೆ ನಿಲ್ಲುವುದೇ ಅವನ ಸಹಜ ರೀತಿ ಎಂದು ಅವರು ತೋರಿಸಿದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಬಹಳ ಮಂದಿಗೆ ಗೊತ್ತಿದೆ. ಅಂಗಡಿಯಲ್ಲಿ 24 ಬಗೆಯ ಜಾಮುಗಳನ್ನು ಇಟ್ಟಾಗ ರುಚಿ ನೋಡಲು ನಿಂತವರಲ್ಲಿ ಶೇಕಡ 3ರಷ್ಟು ಮಂದಿ ಕೊಂಡರು. ಆರೇ ಬಗೆಗಳನ್ನು ಇಟ್ಟಾಗ ಶೇಕಡ 30ರಷ್ಟು ಮಂದಿ ಕೊಂಡರು. ಈ ಜಾಮಿನ ಬಾಟಲಿಗಳನ್ನು ಸಾಮತಿಗಳಷ್ಟೇ ಭಕ್ತಿಯಿಂದ ಉದ್ಧರಿಸುವವರಿದ್ದಾರೆ. ಅವರು ಇದನ್ನೂ ತಿಳಿದಿರಬೇಕು: ಅಂತಹ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2010ರಲ್ಲಿ ಪರಿಶೀಲಿಸಿದಾಗ, ಆಯ್ಕೆಗಳು ಹೆಚ್ಚಿದಷ್ಟೂ ಮನುಷ್ಯ ಕಂಗಾಲಾಗುತ್ತಾನೆ ಎಂಬುದು ಎಲ್ಲೆಡೆ ನಿಲ್ಲುವ ನಿಯಮವಾಗಿ ಕಾಣಲಿಲ್ಲ. ಆದುದರಿಂದ ದೋಷವನ್ನು ಅಂಗಡಿಯ ಮೇಲೆ ಪೂರ್ತಿಯಾಗಿ ಹೊರಿಸಿ ನಾವು ಪಾರಾಗುವಂತಿಲ್ಲ. ನಮ್ಮ ನೋಟದ ವಿಷಯವನ್ನೂ ವಿಚಾರಿಸಬೇಕು.

ನೋಟದ ವಿಷಯಕ್ಕೆ ಪವಿತ್ರ ಗ್ರಂಥದಲ್ಲಿ ಲೋತನ ಕಥೆಗಿಂತ ಸೂಕ್ಷ್ಮವಾದುದನ್ನು ನಾನು ಅರಿಯೆ. ಆದಿಕಾಂಡದ ಹದಿಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ದನಕರುಗಳು ಹೆಚ್ಚಿ, ಗೋಪಾಲಕರಲ್ಲಿ ಜಗಳವಾಗಿ, ಅಬ್ರಹಾಮನೂ ಲೋತನೂ ಬೇರೆಯಾಗಬೇಕಾಗುತ್ತದೆ. ಹಿರಿಯನಾದ ಅಬ್ರಹಾಮನು ಮೊದಲು ಆರಿಸುವ ಹಕ್ಕನ್ನು ಕಿರಿಯನಿಗೆ ಬಿಟ್ಟುಕೊಡುತ್ತಾನೆ. ಲೋತನು ಕಣ್ಣೆತ್ತಿ ನೋಡುತ್ತಾನೆ. ಜೋರ್ಡನ್ ನದಿಯ ಬಯಲು ನೀರಾವರಿಯಿಂದ ನಳನಳಿಸುತ್ತಿದೆ. ಅದನ್ನೇ ಆರಿಸಿಕೊಳ್ಳುತ್ತಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ದನಗಳಿರುವವನು ನೀರನ್ನು ನೋಡದೆ ಇನ್ನೇನನ್ನು ನೋಡಬೇಕು? ಆದರೆ ಅವನು ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು: ಅಲ್ಲಿ ನನ್ನ ನೆರೆಯವರು ಯಾರು? ಅವನ ಗುಡಾರ ಸೊದೋಮಿನ ದಿಕ್ಕಿಗೆ ಸಾಗಿತು. ನೆಲದ ಗುಣಗಳನ್ನು ಅವನು ಅಳೆದನು. ಆ ನೆಲದೊಡನೆ ಬರುವ ಸಂಬಂಧಗಳನ್ನು ಅಳೆಯಲಿಲ್ಲ.

ಲೋತನ ಈ ನೋಟವನ್ನು ನಮ್ಮ ಕಾಲದ ಸೈಕಲ್ಲುಗಳ ವಿಷಯದಲ್ಲಿಯೇ ಕಾಣಬೇಕಾದರೆ ಸೈಕಲ್ಲುಗಳ ತವರಾದ ನೆದರ್ಲೆಂಡ್ಸಿಗೆ ಹೋಗಬೇಕು. ಅಲ್ಲಿ 2022ರಲ್ಲಿ ಮಾರಾಟವಾದ ಹೊಸ ಸೈಕಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಸೈಕಲ್ಲುಗಳಾಗಿದ್ದವು. 2020ರ ಸುಮಾರಿಗೆ ಅಲ್ಲಿನ ನಗರವಾಸಿಗಳ ನಡುವೆ ಎರಡು ಹೆಸರುಗಳ ಹೋಲಿಕೆ ಬಲು ಜೋರಾಗಿ ನಡೆಯುತ್ತಿತ್ತು. ಒಂದು, ಇಬ್ಬರು ಸಹೋದರರು 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭಿಸಿದ ವ್ಯಾನ್‌ಮೂಫ್; ಇನ್ನೊಂದು, ಬೆಲ್ಜಿಯಮ್ಮಿನ ಬ್ರಸೆಲ್ಸಿನ ಕೌಬಾಯ್. ಎರಡೂ ಅಂದವಾದ ಸೈಕಲ್ಲುಗಳು. ಬೆಲೆ ಎರಡು ಸಾವಿರ ಯೂರೋಗಳ ಆಸುಪಾಸು. ವ್ಯಾನ್‌ಮೂಫಿನ ಮೋಟಾರು ಮುಂದಿನ ಚಕ್ರದಲ್ಲಿ. ಗೇರುಗಳು ತಾವಾಗಿಯೇ ಬದಲಾಗುತ್ತಿದ್ದವು. 504 ವ್ಯಾಟ್‌ಗಂಟೆಯ ಬ್ಯಾಟರಿ ಚೌಕಟ್ಟಿನೊಳಗೇ ಇತ್ತು. ಕೌಬಾಯಿಗೆ ಗೇರುಗಳಿಲ್ಲ, ಚೈನಿನ ಬದಲು ಬೆಲ್ಟು, ಹಿಂದಿನ ಚಕ್ರದಲ್ಲಿ ಮೋಟಾರು, ಬಿಚ್ಚಿ ಒಯ್ಯಬಹುದಾದ 360 ವ್ಯಾಟ್‌ಗಂಟೆಯ ಬ್ಯಾಟರಿ, ತೂಕವೂ ಕಡಿಮೆ. ನಮ್ಮ ಉಪದೇಶಿಯ ಕಾಗದದ ಪಟ್ಟಿಯೇ ಯುರೋಪಿನಲ್ಲಿ ಮುದ್ರಣಗೊಂಡಂತಿತ್ತು. ಎರಡೂ ಮೊಬೈಲ್ ಫೋನಿನೊಡನೆ ಮಾತಾಡುವ ಸೈಕಲ್ಲುಗಳು. ಬೀಗ ತೆರೆಯುವುದೂ ಸೆಟ್ಟಿಂಗುಗಳನ್ನು ಬದಲಿಸುವುದೂ ಫೋನಿನಿಂದ.

2023ರ ಜುಲೈ ತಿಂಗಳಲ್ಲಿ ವ್ಯಾನ್‌ಮೂಫ್ ದಿವಾಳಿಯಾಯಿತೆಂದು ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ ಘೋಷಿಸಿತು. ಸೈಕಲ್ಲುಗಳು ರಸ್ತೆಯಲ್ಲಿದ್ದವು, ಮಾಡಿದವರು ಇರಲಿಲ್ಲ. ಮುಂಗಡ ಕೊಟ್ಟವರಿಗೆ ಸೈಕಲ್ಲು ಬರಲಿಲ್ಲ. ದುರಸ್ತಿಗೆ ಕೊಟ್ಟವರ ಸೈಕಲ್ಲುಗಳು ಮುಚ್ಚಿದ ಮಳಿಗೆಗಳೊಳಗೆ ಸಿಕ್ಕಿಕೊಂಡವು. ಅದರ ಅನೇಕ ಬಿಡಿಭಾಗಗಳು ಆ ಸಂಸ್ಥೆಯ ಸ್ವಂತ ವಿನ್ಯಾಸದವಾಗಿದ್ದುದರಿಂದ ಬೀದಿಯ ಸೈಕಲ್ ರಿಪೇರಿಯವನ ಬಳಿ ಅವು ದೊರೆಯುತ್ತಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರವಾದ ಆತಂಕವೆಂದರೆ, ಫೋನಿಗೂ ಸೈಕಲ್ಲಿಗೂ ನಂಟು ಬೆಸೆಯುವ ಗುಪ್ತ ಸಂಖ್ಯೆ, ಎಂದರೆ ವಿದ್ಯುನ್ಮಾನ ಬೀಗದ ಕೈ, ಸಂಸ್ಥೆಯ ಗಣಕಗಳಿಂದ ಬರಬೇಕಾಗಿತ್ತು. ಆ ಗಣಕಗಳು ನಿಂತುಹೋದರೆ? ಹಣ ಕೊಟ್ಟು ಕೊಂಡ ಸೈಕಲ್ಲು ಒಡೆಯನನ್ನೇ ಗುರುತಿಸದೆ ಹೋಗಬಹುದಾಗಿತ್ತು.

ಆಗ ನೆರವಿಗೆ ಬಂದವರು ಯಾರು ಬಲ್ಲಿರಾ? ಕೌಬಾಯಿಯವರು. ವ್ಯಾನ್‌ಮೂಫಿನ ಒಡೆಯರು ತಮ್ಮ ಬೀಗದ ಕೈಯನ್ನು ಪಡೆದು ತಮ್ಮ ಫೋನಿನಲ್ಲಿಯೇ ಉಳಿಸಿಕೊಳ್ಳುವಂತಹ ಚಿಕ್ಕದೊಂದು ಆ್ಯಪನ್ನು ಅವರ ಎಂಜಿನಿಯರುಗಳು ಅವಸರದಲ್ಲಿ ಸಿದ್ಧಪಡಿಸಿ ಹಂಚಿದರು. ಪ್ರತಿಸ್ಪರ್ಧಿಯ ಗಿರಾಕಿಗಳಿಗೆ ಪ್ರತಿಸ್ಪರ್ಧಿ ನೀಡಿದ ಉಪಕಾರವಿದು. ಅದರಲ್ಲಿ ಒಳ್ಳೆಯ ಹೆಸರಿನ ಲಾಭವೂ ಇತ್ತೆಂದು ನೀವು ಹೇಳಬಹುದು. ಇರಲಿ. ದಾರಿಯಲ್ಲಿ ಬಿದ್ದವನನ್ನು ಎತ್ತಿದವನ ಉದ್ದೇಶಗಳನ್ನು ತೂಗುತ್ತ ಕೂರುವುದು ಬಿದ್ದವನ ಕೆಲಸವಲ್ಲ. ಆಗಸ್ಟ್ ಕೊನೆಯಲ್ಲಿ ಬ್ರಿಟನ್ನಿನ ಸಂಸ್ಥೆಯೊಂದು ವ್ಯಾನ್‌ಮೂಫನ್ನು ಕೊಂಡಿತು. ಹಾಗೆಂದು ಕೌಬಾಯಿಯನ್ನು ಆರಿಸಿದವರೇ ಜಾಣರೆಂದು ತೀರ್ಪು ಕೊಡಲೂ ಆಗದು. 2025ರಲ್ಲಿ ಆ ಸಂಸ್ಥೆಯೂ ಹಣಕಾಸಿನ ಸಂಕಷ್ಟಕ್ಕೆ ಸಿಲುಕಿತು.

ಇಲ್ಲಿ ಎರಡು ವಿಚಾರಗಳನ್ನು ಬೇರ್ಪಡಿಸಿ ನೋಡಬೇಕೆಂದು ನನಗನಿಸುತ್ತದೆ. 2020ರಲ್ಲಿ ವ್ಯಾನ್‌ಮೂಫನ್ನು ಕೊಂಡವರು ಮೂರು ವರ್ಷಗಳ ಮುಂದಿನದನ್ನು ಕಾಣಬಲ್ಲವರಾಗಿರಲಿಲ್ಲ. ಫಲ ಕೆಟ್ಟಿತೆಂಬ ಮಾತ್ರಕ್ಕೆ ಆಯ್ಕೆ ಕೆಟ್ಟದಾಗಿತ್ತೆನ್ನುವುದು ಅನ್ಯಾಯ. ಎಷ್ಟೋ ದಂಪತಿಗಳು, ಎಷ್ಟೋ ಗುರುಗಳು, ಕನ್ಯಾಸ್ತ್ರೀಯರು ಕಷ್ಟದ ದಿನಗಳಲ್ಲಿ ‘ಆ ದಿನ ಇನ್ನೊಂದು ದಾರಿ ಹಿಡಿದಿದ್ದರೆ’ ಎಂದು ತಮ್ಮನ್ನೇ ಶಿಕ್ಷಿಸಿಕೊಳ್ಳುವುದುಂಟು. ಹಿಡಿಯದ ದಾರಿಯಲ್ಲಿ ಕಲ್ಲುಮುಳ್ಳುಗಳು ಕಾಣಿಸುವುದಿಲ್ಲ, ಏಕೆಂದರೆ ಅಲ್ಲಿ ನಾವು ನಡೆದಿಲ್ಲ. ಇದು ಒಂದು ವಿಚಾರ. ಇನ್ನೊಂದು, ಭವಿಷ್ಯ ತಿಳಿಯದಿದ್ದರೂ ಅಂದೇ ಕೇಳಬಹುದಾಗಿದ್ದ ಪ್ರಶ್ನೆಯೊಂದಿತ್ತು. ಇದನ್ನು ಮಾಡಿದವರು ನಾಳೆ ಇಲ್ಲವಾದರೆ, ನನ್ನ ಬೀದಿಯ ರಿಪೇರಿಯವನು ಇದನ್ನು ಬಿಚ್ಚಿ ಸರಿಪಡಿಸಬಲ್ಲನೇ? ಈ ಸಾಲು ಯಾವ ಹೋಲಿಕೆಯ ಪಟ್ಟಿಯಲ್ಲಿಯೂ ಸುಲಭವಾಗಿ ಕಾಣಸಿಗದು. ವೇಗ, ತೂಕ, ದೂರ ಇವೆಲ್ಲ ವಸ್ತುವಿನ ಗುಣಗಳು. ಇದಾದರೋ ವಸ್ತುವಿನ ಮೂಲಕ ನಾನು ಯಾರ ಯಾರೊಡನೆ ಬೆಸೆದುಕೊಳ್ಳುತ್ತೇನೆ ಎಂಬ ಪ್ರಶ್ನೆ.

ಈ ನಂಟು ಬೀದಿಯ ರಿಪೇರಿಯವನಲ್ಲಿಗೆ ನಿಲ್ಲುವುದಿಲ್ಲ. ಅನೇಕ ಲಿಥಿಯಂ ಬ್ಯಾಟರಿಗಳಲ್ಲಿ ಕೋಬಾಲ್ಟ್ ಎಂಬ ಲೋಹವಿರುತ್ತದೆ. ಜಗತ್ತಿನ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ ಬರುತ್ತದೆ. ಅದರ ಒಂದು ಭಾಗವನ್ನು ಯಂತ್ರಗಳಿಲ್ಲದೆ ಬರಿಗೈಯಲ್ಲಿ ಅಗೆಯುವವರಿದ್ದಾರೆ. ಅವರ ನಡುವೆ ಮಕ್ಕಳೂ ಇರುವುದನ್ನು ಆಮ್ನೆಸ್ಟಿ ಸಂಸ್ಥೆಯು 2016ರ ವರದಿಯಲ್ಲಿ ದಾಖಲಿಸಿತು. 2023ರ ಜನವರಿ ಕೊನೆಯಲ್ಲಿ ಜಗದ್ಗುರು ಫ್ರಾನ್ಸಿಸರು ಆ ದೇಶದ ರಾಜಧಾನಿಯಾದ ಕಿನ್ಷಾಸಾದಲ್ಲಿ ನಿಂತು, ಆಫ್ರಿಕದ ಸಂಪತ್ತನ್ನು ದೋಚುವ ಕೈಗಳು ಹಿಂದೆಗೆಯಲಿ ಎಂದು ಗುಡುಗಿದ್ದು ನಿಮಗೆ ನೆನಪಿರಬಹುದು. ಅವರಿಗಿಂತ ಮುಂಚೆ 2009ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ವಿಶ್ವಪತ್ರವೊಂದರಲ್ಲಿ, ಕೊಳ್ಳುವುದೆಂಬುದು ಬರಿಯ ಆರ್ಥಿಕ ವ್ಯವಹಾರವಲ್ಲ, ಎಂದೆಂದಿಗೂ ನೈತಿಕವಾದ ಕ್ರಿಯೆ ಎಂಬ ಅರ್ಥದ ಮಾತನ್ನು ಬರೆದಿದ್ದರು. ಕೋಬಾಲ್ಟಿಲ್ಲದ ಬ್ಯಾಟರಿಗಳೂ ಇವೆ. ಲಿಥಿಯಂ, ಕಬ್ಬಿಣ ಮತ್ತು ಫಾಸ್ಫೇಟಿನಿಂದಾದ ಅವು ತುಸು ಭಾರ, ಆದರೆ ಹೆಚ್ಚು ಬಾಳಿಕೆಯವು; ಬೆಂಕಿ ಹೊತ್ತಿಕೊಳ್ಳುವ ಭಯವೂ ಅವುಗಳಲ್ಲಿ ಕಡಿಮೆ. ಅಂಗಡಿಯವನನ್ನು ‘ಬ್ಯಾಟರಿ ಯಾವ ಜಾತಿಯದು?’ ಎಂದು ಕೇಳಲು ಖರ್ಚೇನೂ ಇಲ್ಲ. ನಮ್ಮ ದೇಶದಲ್ಲಿ ಜಾತಿ ಕೇಳಿ ಪುಣ್ಯ ಬರುವ ಸಂದರ್ಭ ಬಹುಶಃ ಇದೊಂದೇ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆ ಬೇಕು. ಸೂಕ್ಷ್ಮ ಮನಸ್ಸಿನವರು ಈ ಪ್ರಶ್ನೆಗಳನ್ನೆಲ್ಲ ಹಳೆಯ ಪಟ್ಟಿಗೇ ಹೊಸ ಸಾಲುಗಳನ್ನಾಗಿ ಸೇರಿಸಿಕೊಂಡು, ಗಣಿಯಿಂದ ಅಂಗಡಿಯವರೆಗಿನ ಪ್ರತಿಯೊಂದು ಕೊಂಡಿಯೂ ನಿರ್ಮಲವಾಗುವ ತನಕ ಕೊಳ್ಳುವುದಿಲ್ಲವೆಂದು ಹಟ ಹಿಡಿಯಬಹುದು. ಅದನ್ನು ನಾನು ಪಾವಿತ್ರ್ಯವೆಂದು ಕರೆಯಲಾರೆ. ಕಳಂಕವಿಲ್ಲದ ವಸ್ತುವನ್ನು ಹುಡುಕುವವನು ಕೆಲವೊಮ್ಮೆ ತನ್ನ ಕೈಗಳ ಶುಭ್ರತೆಯನ್ನೇ ಹುಡುಕುತ್ತಿರುತ್ತಾನೆ. ನಿಮ್ಮ ಹಣಕ್ಕೆ, ನಿಮ್ಮ ಊರಿನಲ್ಲಿ, ಇಂದು ದೊರೆಯುವವುಗಳಲ್ಲಿ ಕಡಿಮೆ ಹಾನಿಯದನ್ನು ಗುರುತಿಸಿ; ಕೇಳಬೇಕಾದುದನ್ನು ಕೇಳಿ; ಅನಂತರ ಕೊಂಡು ಹೊರಡಿ. ಅಜ್ಜಿ ಕಾಯುತ್ತಿದ್ದಾರೆ.

ಆರಿಸುವ ಭಾಗ್ಯವೇ ಇಲ್ಲದವರನ್ನು ಕುರಿತು ಒಂದು ಮಾತನ್ನಾದರೂ ಹೇಳದಿದ್ದರೆ ಈ ಲೇಖನ ಉಳ್ಳವರ ಹರಟೆಯಾದೀತು. ಬೆಂಗಳೂರಿನ ರಸ್ತೆಗಳಲ್ಲಿ ಊಟದ ಪೊಟ್ಟಣಗಳನ್ನು ಹೊತ್ತು ಸದ್ದಿಲ್ಲದೆ ಸಾಗುವ ಬ್ಯಾಟರಿ ಗಾಡಿಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಅನೇಕವು ಸವಾರನ ಸ್ವಂತದವಲ್ಲ, ಬಾಡಿಗೆಯವು. ಆ ಯುವಕನಿಗೆ ಎರಡು ಪಟ್ಟಿಗಳನ್ನು ಬರೆಯುವ ಬಿಡುವಿಲ್ಲ. ಯಾವ ಗಾಡಿಯಲ್ಲಿ ಚಾರ್ಜು ಉಳಿದಿದೆಯೋ ಅದೇ ಅವನ ಗಾಡಿ. ಆರು ವಾರಗಳ ತೊಳಲಾಟವೂ ಒಂದು ಸಿರಿತನವೆಂಬುದು ಅವನನ್ನು ನೋಡಿದಾಗ ಮನಸ್ಸಿಗೆ ತಟ್ಟುತ್ತದೆ.

ಇನ್ನು, ಆರಿಸುವುದು ಹೇಗೆ? ಈ ವಿಷಯದಲ್ಲಿ ಧರ್ಮಸಭೆಯಲ್ಲಿ ಲೊಯೋಲದ ಸಂತ ಇಗ್ನಾಸಿಯವರಷ್ಟು ಆಳವಾಗಿ ಚಿಂತಿಸಿದವರು ವಿರಳ. ಆದರೆ ಅವರೂ ಒಮ್ಮೆ ತಮ್ಮ ಆಯ್ಕೆಯನ್ನು ವಾಹನಕ್ಕೇ ಬಿಟ್ಟುಕೊಟ್ಟಿದ್ದರು. 1522ರಲ್ಲಿ, ಮನಪರಿವರ್ತನೆಯಾದ ಹೊಸತರಲ್ಲಿ, ಅವರು ಹೇಸರಗತ್ತೆಯ ಮೇಲೆ ಮೊಂತ್ಸೆರಾತಿನ ಕಡೆಗೆ ಹೋಗುತ್ತಿದ್ದಾಗ ಜೊತೆಗೂಡಿದ ಮೂರನೊಬ್ಬನು ಮಾತೆ ಮರಿಯಳ ಕನ್ಯತ್ವವನ್ನು ಕುರಿತು ಅಲ್ಲಗಳೆಯುವ ಮಾತಾಡಿ ಮುಂದೆ ಹೊರಟುಹೋದನು. ಅವನನ್ನು ಬೆನ್ನಟ್ಟಿ ಕಠಾರಿಯಿಂದ ಇರಿಯಬೇಕೇ, ಬಿಡಬೇಕೇ ಎಂದು ಇಗ್ನಾಸಿಯವರು ತೊಳಲಿದರು. ಕೊನೆಗೆ ಕವಲುದಾರಿಯಲ್ಲಿ ಲಗಾಮನ್ನು ಸಡಿಲಬಿಟ್ಟರು. ಹೇಸರಗತ್ತೆ ಹಳ್ಳಿಯ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಡುವುದು. ಹಳ್ಳಿಯ ದಾರಿ ಅಗಲವಾಗಿ, ಹತ್ತಿರವಾಗಿಯೇ ಇದ್ದರೂ ಆ ಪ್ರಾಣಿ ಹೆದ್ದಾರಿಯನ್ನು ಹಿಡಿಯಿತು. ಒಂದು ಕೊಲೆ ತಪ್ಪಿತು. ತಮ್ಮ ಅಂದಿನ ಆತ್ಮ ಎಷ್ಟು ಕುರುಡಾಗಿತ್ತೆಂಬುದನ್ನು ತೋರಿಸಲು ಅವರೇ ಮುಪ್ಪಿನಲ್ಲಿ ಇದನ್ನು ಹೇಳಿ ಬರೆಸಿದರು. ಬ್ಯೂರಿಡನ್ನರ ಕತ್ತೆ ನಿರ್ಧರಿಸಲಾರದೆ ಸತ್ತಿತು; ಇಗ್ನಾಸಿಯವರ ಹೇಸರಗತ್ತೆ ಸವಾರನ ಬದಲು ತಾನೇ ನಿರ್ಧರಿಸಿತು.

ಮುಂದೆ ‘ಆಧ್ಯಾತ್ಮಿಕ ಸಾಧನೆ’ಗಳನ್ನು ರಚಿಸಿದಾಗ ಅವರು ಲಗಾಮನ್ನು ಸಡಿಲಬಿಡುವ ಸಲಹೆಯನ್ನು ಕೊಡಲಿಲ್ಲ. ಮೊದಲು ಗುರಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ತಕ್ಕಡಿಯ ಮುಳ್ಳು ನಡುವೆ ನಿಂತಂತೆ ಯಾವ ಕಡೆಗೂ ವಾಲದ ಮನಸ್ಸನ್ನು ಬೇಡಿಕೊಳ್ಳಬೇಕು. ಬಳಿಕ ಎರಡೂ ಕಡೆಯ ಅನುಕೂಲ ಅನನುಕೂಲಗಳನ್ನು ತೂಗಬೇಕು. ಉಪದೇಶಿಯ ಪಟ್ಟಿಗಳಿಗೂ ಇಲ್ಲಿ ಸ್ಥಾನವಿದೆ ಎಂಬುದನ್ನು ಗಮನಿಸಿ. ತೂಗಿಯೂ ತಿಳಿಯದಿದ್ದರೆ ಇನ್ನೊಂದು ಉಪಾಯವಿದೆ. ನೀವು ಎಂದೂ ಕಂಡಿರದ, ಆದರೆ ಅವನಿಗೆ ಒಳ್ಳೆಯದಾಗಲೆಂದು ನೀವು ಬಯಸುವ ಅಪರಿಚಿತನೊಬ್ಬನು ಇದೇ ಪ್ರಶ್ನೆಯನ್ನು ತಂದರೆ ಅವನಿಗೆ ಏನು ಹೇಳುವಿರಿ? ಆ ಮಾತನ್ನೇ ನೀವು ಪಾಲಿಸಿ. ನಮ್ಮ ಉಪದೇಶಿಯವರು ಇದನ್ನು ಮಾಡಿ ನೋಡಿದರೆಂದುಕೊಳ್ಳಿ. ಐವತ್ತು ದಾಟಿದ, ಮೊಣಕಾಲು ನೋಯುವ, ಮಳೆಗಾಲದಲ್ಲಿ ಕೆಸರು ತುಳಿಯಬೇಕಾದ ಅಪರಿಚಿತನಿಗೆ ಅವರು ಏನು ಹೇಳಿಯಾರು? ‘ಅಯ್ಯಾ, ಇಪ್ಪತ್ತು ಕಿಲೋಮೀಟರು ಹೋದರೆ ನಿನಗೆ ಧಾರಾಳ. ಬ್ಯಾಟರಿ ಬಿಚ್ಚಿ ಒಳಗಿಡುವಂಥದನ್ನು ತೆಗೆದುಕೋ. ಪಕ್ಕದ ಪಟ್ಟಣದಲ್ಲಿ ಅಂಗಡಿ ಇರುವ ಸೈಕಲ್ಲನ್ನೇ ತೆಗೆದುಕೋ. ಬ್ರೇಕು ಹಿಡಿದು ನೋಡು. ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ.’ ಆರು ವಾರಗಳಲ್ಲಿ ದೊರೆಯದ ಉತ್ತರ ಇನ್ನೊಬ್ಬನಿಗೆ ಹೇಳುವಾಗ ಒಂದು ಗಳಿಗೆಯಲ್ಲಿ ದೊರೆಯಿತು. ಕಾರಣ ಸರಳವಾದುದು. ಇನ್ನೊಬ್ಬನ ಸೈಕಲ್ಲಿನಲ್ಲಿ ನಮ್ಮ ಅಹಂಕಾರ ಸವಾರಿ ಮಾಡುವುದಿಲ್ಲ.

ಇಷ್ಟಾಗಿಯೂ ಎರಡೂ ಸರಿಸಮವಾಗಿಯೇ ಉಳಿದರೆ? ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಅಂತಹ ಸಂದರ್ಭವಿದೆ. ಯೂದನು ಬಿಟ್ಟುಹೋದ ಸ್ಥಾನಕ್ಕೆ ಇಬ್ಬರು ಅರ್ಹರು ನಿಂತಿದ್ದರು: ಯುಸ್ತನೆಂಬ ಹೆಸರೂ ಇದ್ದ ಯೋಸೇಫ ಬಾರ್ಸಬ್ಬ ಮತ್ತು ಮತ್ತೀಯ. ಯೋವಾನ್ನನ ಸ್ನಾನದೀಕ್ಷೆಯ ದಿನಗಳಿಂದಲೂ ಪ್ರಭುವಿನ ಜೊತೆಗಿದ್ದವರು ಇಬ್ಬರೂ. ವಿಚಾರಿಸಬೇಕಾದುದನ್ನೆಲ್ಲ ವಿಚಾರಿಸಿ, ಪ್ರಾರ್ಥಿಸಿ, ಅನಂತರವೇ ಚೀಟಿ ಹಾಕಿದರು. ಚೀಟಿ ಮತ್ತೀಯನಿಗೆ ಬಂತು. ಚೀಟಿ ಹಾಕುವುದಕ್ಕೂ ಲಗಾಮು ಬಿಡುವುದಕ್ಕೂ ಇರುವ ಅಂತರ ಇಲ್ಲಿದೆ. ಇಗ್ನಾಸಿಯವರು ಹೇಸರಗತ್ತೆಗೆ ಬಿಟ್ಟ ಎರಡು ದಾರಿಗಳಲ್ಲಿ ಒಂದು ಪಾಪದ ದಾರಿಯಾಗಿತ್ತು. ಪ್ರೇಷಿತರ ಮುಂದಿದ್ದ ಎರಡೂ ಒಳ್ಳೆಯವಾಗಿದ್ದವು. ಆಯ್ಕೆಯಾಗದ ಬಾರ್ಸಬ್ಬನಲ್ಲಿ ಕೊರತೆಯಿತ್ತೆಂದು ಗ್ರಂಥಕರ್ತನು ಒಂದಕ್ಷರವನ್ನೂ ಬರೆದಿಲ್ಲ. ನಾವು ಮಾತ್ರ ಒಂದನ್ನು ಕೊಂಡ ಮರುದಿನದಿಂದಲೇ ಕೊಳ್ಳದಿದ್ದುದರಲ್ಲಿ ದೋಷ ಹುಡುಕುತ್ತೇವೆ, ಇಲ್ಲವೇ ಕೊಂಡದ್ದರಲ್ಲಿ.

ಆ ಮರುದಿನಕ್ಕೂ ಇಗ್ನಾಸಿಯವರು ಒಂದು ಸೂಚನೆ ಕೊಟ್ಟಿದ್ದಾರೆ. ಬದಲಾಯಿಸಬಹುದಾದ ವಿಷಯಗಳಲ್ಲಿ ಕ್ರಮವಾಗಿ, ಲೋಕದ ಮೋಹಕ್ಕೆ ಒಳಗಾಗದೆ ಆರಿಸಿಕೊಂಡವನು ಮತ್ತೆ ಆರಿಸಲು ಹೊರಡಬೇಕಾಗಿಲ್ಲ. ಆರಿಸಿಕೊಂಡುದರಲ್ಲಿಯೇ ತನ್ನಿಂದಾದಷ್ಟು ಪರಿಪೂರ್ಣನಾಗಲಿ ಎಂಬುದು ಅದರ ಸಾರ. ಸೈಕಲ್ಲಿನ ಮಟ್ಟಿಗೆ ಈ ಪರಿಪೂರ್ಣತೆ ಬಹಳ ಸಾಧಾರಣವಾದ ಕೆಲಸಗಳಲ್ಲಿದೆ. ವಾರಕ್ಕೊಮ್ಮೆ ಟೈರಿನ ಗಾಳಿ ನೋಡುವುದು. ಮಳೆಯಲ್ಲಿ ನೆನೆದ ಚೈನನ್ನು ಒರೆಸಿ ಎಣ್ಣೆ ಬಿಡುವುದು. ಬ್ಯಾಟರಿಯನ್ನು ಬಿಸಿಲಿನಲ್ಲಿ ಇಡದಿರುವುದು. ಪೂರ್ತಿ ತುಂಬಿಸಿಯಾಗಲಿ ಪೂರ್ತಿ ಬರಿದಾಗಿಸಿಯಾಗಲಿ ವಾರಗಟ್ಟಲೆ ಬಿಡದಿರುವುದು. ಪಟ್ಟಿ ಬರೆದ ಕಾಗದದ ಬೆನ್ನಿನ ಮೇಲೆ ಮೂರು ಹಳ್ಳಿಗಳ ಕುಟುಂಬಗಳ ಹೆಸರುಗಳನ್ನು ಬರೆದುಕೊಳ್ಳಬಹುದು.

ಇನ್ನೊಂದು ವಿಷಯ ಉಳಿದಿದೆ. ಅದೇ ‘ಸಾಧನೆ’ಗಳಲ್ಲಿ ಹತ್ತು ಸಾವಿರ ಚಿನ್ನದ ನಾಣ್ಯಗಳು ಕೈಗೆ ಬಂದವರ ಮೂರು ಬಗೆಗಳನ್ನು ಕುರಿತ ಧ್ಯಾನವಿದೆ. ಎರಡನೆಯ ಬಗೆಯವರು ವಸ್ತುವಿನ ಮೋಹವನ್ನು ಬಿಡಲು ಬಯಸುತ್ತಾರೆ, ವಸ್ತುವನ್ನಲ್ಲ. ಹೊಸ ಸೈಕಲ್ಲು ಬಂದ ಮೇಲೂ ಉಪದೇಶಿಯವರ ಹಳೆಯ ಸೈಕಲ್ಲು ಜಗಲಿಯ ಗೋಡೆಗೆ ಒರಗಿಕೊಂಡೇ ಇದೆ. ಎಂದಾದರೂ ಬೇಕಾಗಬಹುದು ಎನ್ನುತ್ತಾರೆ. ಎರಡನೆಯ ಹಳ್ಳಿಯಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರು ನಡೆದುಹೋಗುವ ಹುಡುಗಿಯೊಬ್ಬಳ ಹೆಸರು ಆ ಕಾಗದದ ಬೆನ್ನಿನ ಮೇಲೆ ಇದೆ.